ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಬಂದ ಮರೆವು: ರಕ್ತದಲ್ಲಿ ಕಂಡ ಸಿಆರ್‌ಪಿ ಅಂಶಕ್ಕೂ ಅದಕ್ಕೂ ಸಂಬಂಧವಿದೆಯೇ?

ಪ್ರಶ್ನೆ ಕೇಳಿದವರು: ಮಲೆನಾಡಮಗಳು

ನನ್ನ ತಾಯಿಗೆ ಈಗ 68 ವರ್ಷ. ಪ್ರೌಢಶಾಲೆಯಲ್ಲಿ 32 ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಮೂರು ವರ್ಷಗಳ ಹಿಂದೆ ಎಡಸ್ತನದಲ್ಲಿ ಎರಡನೆಯ ಹಂತದ ಕ್ಯಾನ್ಸರ್ ಇರುವುದು ತಿಳಿದು ಶಸ್ತ್ರಚಿಕಿತ್ಸೆಯಾಯಿತು. ಅದರ ಬೆನ್ನಿಗೇ ಕೀಮೋ ಮತ್ತು ವಿಕಿರಣ ಚಿಕಿತ್ಸೆಗಳೂ ನಡೆದವು. ಕಾಯಿಲೆ ಮರುಕಳಿಸದಂತೆ ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಬರೆದುಕೊಡುವ ಲೆಟ್ರೋಜೋಲ್ ಮಾತ್ರೆ ಅವರ ಸವೆದ ಮೂಳೆಗಳಿಗೆ ಒಗ್ಗುವುದಿಲ್ಲವೆಂದು ಟಮಾಕ್ಸಿಫೆನ್ ಆರಂಭಿಸಿದರು. ಕಾಯಿಲೆ ಮರುಕಳಿಸಿಲ್ಲ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋದಾಗ ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ. ನನಗೆ ಸಂಶಯವಿರುವುದು ಆ "ಎಲ್ಲವೂ" ಎಂಬ ಮಾತಿನ ಮೇಲೆ.

ಅಮ್ಮ ಬೆಳಗ್ಗೆ ಅಂಗಳ ಸಾರಿಸಿ, 15 ಚುಕ್ಕಿಯಿಂದ 8ರವರೆಗಿನ ಮಧ್ಯಚುಕ್ಕಿಯ ರಂಗೋಲಿಯನ್ನು ಪುಸ್ತಕ ನೋಡದೆ ಹಾಕುತ್ತಿದ್ದರು. ಹಾಲು ತರುವವನ ಜೊತೆ ಅವನ ಮಗಳ ಪರೀಕ್ಷೆಯ ವಿಚಾರ ಮಾತನಾಡುತ್ತಲೇ ಚುಕ್ಕಿ ಇಡುತ್ತಿದ್ದರು, ಒಂದೂ ತಪ್ಪುತ್ತಿರಲಿಲ್ಲ. ಈಗ ನಾಲ್ಕನೆಯ ಸಾಲಿನಲ್ಲಿರುವಾಗ ಯಾರಾದರೂ ಕರೆದರೆ ಕೈ ಅಲ್ಲೇ ನಿಲ್ಲುತ್ತದೆ, ಮತ್ತೆ ಮೊದಲ ಸಾಲಿನಿಂದ ಎಣಿಸಿಕೊಂಡು ಬರುತ್ತಾರೆ. ಈಚೆಗೆ 7ರಿಂದ 4ರವರೆಗಿನ ಚಿಕ್ಕ ರಂಗೋಲಿಗೆ ಇಳಿದಿದ್ದಾರೆ. ಏಕೆಂದು ಕೇಳಿದರೆ ಸೊಂಟ ನೋವು ಎನ್ನುತ್ತಾರೆ. ಸೊಂಟ ನೋವಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಒಲೆಯ ಮೇಲೆ ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ತರಲು ಹೋದವರು ಡಬ್ಬಿಗಳ ಮುಂದೆ ನಿಂತು ಏನು ತರಲು ಬಂದೆ ಎಂದು ಯೋಚಿಸುತ್ತಿರುತ್ತಾರೆ. ಹೆಸರುಗಳು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತವೆ. ಆದರೂ ದಾರಿ ತಪ್ಪಿಲ್ಲ, ಲೆಕ್ಕ ತಪ್ಪಿಲ್ಲ, ಪಿಂಚಣಿಯ ಕಾಗದಪತ್ರವನ್ನೆಲ್ಲ ಈಗಲೂ ಅವರೇ ನೋಡಿಕೊಳ್ಳುತ್ತಾರೆ.

ಈ ವಿಷಯವನ್ನು ತಪಾಸಣೆಯಲ್ಲಿ ಹೇಳಿದಾಗ ಹತ್ತು ನಿಮಿಷದ ಒಂದು ನೆನಪಿನ ಪರೀಕ್ಷೆ ಮಾಡಿದರು. 30ಕ್ಕೆ 29 ಬಂತು. "ನಿಮಗೆ ಏನೂ ಆಗಿಲ್ಲ, ವಯಸ್ಸಾಯಿತಲ್ಲ" ಎಂದು ಕಳುಹಿಸಿದರು. ಅಮ್ಮ ಅಂದು ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಕಳೆದ ತಿಂಗಳು ಒಂದು ಪ್ರಯೋಗಾಲಯದ ಪ್ಯಾಕೇಜಿನಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ, ದೇಹದ ಉರಿಯೂತವನ್ನು ಸೂಚಿಸುವ ಹೈ ಸೆನ್ಸಿಟಿವಿಟಿ ಸಿಆರ್‌ಪಿ ಲೀಟರಿಗೆ 4.6 ಮಿಲಿಗ್ರಾಂ ಎಂದು ಬಂದಿದೆ. ಎದುರಿಗೆ ಕೆಂಪು ಬಾಣದ ಗುರುತಿದೆ. ಸ್ತನ ಕ್ಯಾನ್ಸರ್‌ನಿಂದ ಗುಣವಾದ ಹಿರಿಯ ಮಹಿಳೆಯರಲ್ಲಿ ಸಿಆರ್‌ಪಿ ಹೆಚ್ಚಿದ್ದರೆ ಮುಂದೆ ನೆನಪಿನ ತೊಂದರೆ ಕಾಣಿಸಿಕೊಳ್ಳುತ್ತದೆ ಎಂದು ಅಮೆರಿಕದ ಅಧ್ಯಯನವೊಂದು ಹೇಳಿದೆಯೆಂದು ಓದಿದ ಮೇಲೆ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ದೇಹದೊಳಗಿನ ಈ ಉರಿಯೂತವೇ ಅಮ್ಮನ ಮರೆವಿಗೆ ಕಾರಣವಾಗಿರಬಹುದೇ? ಹಾಗಿದ್ದರೆ ಅದನ್ನು ಇಳಿಸಲು ಔಷಧವಿದೆಯೇ? ಪರಿಚಯದವರ ಮಾತು ಕೇಳಿ ಅರಿಶಿನದ ಸತ್ವದ ಕ್ಯಾಪ್ಸೂಲ್ ಆರಂಭಿಸಿದ್ದೇವೆ, ದಿನಕ್ಕೆ ಎರಡು. ಇದರ ಹೊರತು ಅವರು ತೆಗೆದುಕೊಳ್ಳುವುದು ಟಮಾಕ್ಸಿಫೆನ್, ಕೀಮೋದಿಂದ ಕಾಲಿನ ಬೆರಳುಗಳಲ್ಲಿ ಉಳಿದಿರುವ ಜೋಮಿಗೆ ರಾತ್ರಿ ಅಮಿಟ್ರಿಪ್ಟಿಲಿನ್, ಬಿಪಿ ಮಾತ್ರೆ, ಕ್ಯಾಲ್ಸಿಯಂ.

*

ಉತ್ತರ: ರಕ್ತಬಿಂದು

ನಾನು ಜೀವರಸಾಯನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ವೈದ್ಯನಲ್ಲ. ಆದ್ದರಿಂದ ಆ 4.6 ಎಂಬ ಸಂಖ್ಯೆಯ ಬಗ್ಗೆ ಮಾತ್ರ ಅಧಿಕಾರದಿಂದ ಮಾತನಾಡಬಲ್ಲೆ.

ಸಿಆರ್‌ಪಿ ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ಮೇಲಿರುವ 'ಸಿ' ಎಂಬ ಸಕ್ಕರೆಯಂಶಕ್ಕೆ ಅಂಟಿಕೊಳ್ಳುತ್ತದೆ ಎಂಬ ಕಾರಣಕ್ಕೆ ಆ ಹೆಸರು. ದೇಹದಲ್ಲಿ ಎಲ್ಲಾದರೂ ಗಾಯ, ಸೋಂಕು ಅಥವಾ ಕೆರಳಿಕೆ ಇದ್ದರೆ ಅಲ್ಲಿನ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ರಾಸಾಯನಿಕವನ್ನು ಹೊರಬಿಡುತ್ತವೆ, ಅದು ಯಕೃತ್ತಿಗೆ ತಲುಪುತ್ತದೆ, ಯಕೃತ್ತು ಸಿಆರ್‌ಪಿಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅಂದರೆ ಅದು ಬೆಂಕಿಯಲ್ಲ, ಹೊಗೆ. ಒಲೆ ಯಾವ ಕೋಣೆಯಲ್ಲಿದೆ ಎಂಬುದನ್ನು ಹೊಗೆ ಹೇಳುವುದಿಲ್ಲ.

ಹೈ ಸೆನ್ಸಿಟಿವಿಟಿ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ, 1ರಿಂದ 3, ಮೂರಕ್ಕಿಂತ ಹೆಚ್ಚು ಎಂಬ ಮೂರು ಮಟ್ಟಗಳನ್ನು ವರದಿಗಳಲ್ಲಿ ನೋಡಿರುತ್ತೀರಿ. ಇವು 2003ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸೇರಿ ಹೃದಯಾಘಾತದ ಅಪಾಯವನ್ನು ಅಂದಾಜು ಮಾಡಲೆಂದು ನಿಗದಿಪಡಿಸಿದವು. ನಿಮ್ಮ ವರದಿಯ ಕೆಂಪು ಬಾಣ ಹೃದಯದ ಲೆಕ್ಕದಲ್ಲಿ ಬಿದ್ದಿರುವುದೇ ಹೊರತು ಮಿದುಳಿನ ಲೆಕ್ಕದಲ್ಲಲ್ಲ. ಇನ್ನೊಂದು ಮಾತು: ರಕ್ತದಲ್ಲಿರುವ ಸಿಆರ್‌ಪಿ ಸುಮಾರು 19 ಗಂಟೆಗಳಲ್ಲಿ ಅರ್ಧದಷ್ಟಾಗುತ್ತದೆ. ಆದ್ದರಿಂದ ಅದು ಆ ವಾರದ ಸುದ್ದಿ ಹೇಳುತ್ತದೆ. ಹಿಂದಿನ ದಿನ ಹಲ್ಲಿನ ವಸಡು ಊದಿದ್ದರೆ, ಹತ್ತು ದಿನಗಳ ಹಿಂದೆ ಕೆಮ್ಮು ನೆಗಡಿ ಬಂದು ಹೋಗಿದ್ದರೆ, ಮೂತ್ರದ ಸೋಂಕು ಗೊತ್ತಾಗದೆ ಇದ್ದರೆ, ಮಂಡಿಯ ಸಂಧಿವಾತ ಕೆರಳಿದ್ದರೆ, ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದ್ದರೆ, ಇವುಗಳಲ್ಲಿ ಯಾವುದಾದರೂ ಒಂದೇ ಸಾಕು 4.6ಕ್ಕೆ ಏರಿಸಲು. ಒಂದು ಸಲದ ಸಂಖ್ಯೆಯನ್ನು ನಂಬಬೇಡಿ. ಎರಡು ಮೂರು ವಾರ ಬಿಟ್ಟು, ಆರೋಗ್ಯವಾಗಿರುವ ದಿನ, ಅದೇ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಮಾಡಿಸಿ. ಕೆಲವು ವರದಿಗಳು ಡೆಸಿಲೀಟರಿನ ಲೆಕ್ಕದಲ್ಲಿ ಬರುತ್ತವೆ; ಅಲ್ಲಿ 0.46 ಎಂದಿದ್ದರೆ ಇಲ್ಲಿನ 4.6. ಇದನ್ನು ಗಮನಿಸದೆ ಸಿಆರ್‌ಪಿ ಹತ್ತು ಪಟ್ಟು ಇಳಿಯಿತೆಂದು ಸಂಭ್ರಮಿಸಿದವರನ್ನು ನಾನು ಕೌಂಟರಿನ ಬಳಿ ಕಂಡಿದ್ದೇನೆ.

ಟಮಾಕ್ಸಿಫೆನ್ ಸಾಮಾನ್ಯವಾಗಿ ಸಿಆರ್‌ಪಿಯನ್ನು ಸ್ವಲ್ಪ ಇಳಿಸುವ ಮಾತ್ರೆ. ಅದನ್ನು ತೆಗೆದುಕೊಳ್ಳುತ್ತಿರುವಾಗಲೂ ಅಂಶ ಹೆಚ್ಚಿದೆ ಎಂದರೆ, ಬೇರೆಲ್ಲೋ ಒಂದು ಸಣ್ಣ ಒಲೆ ಹೊತ್ತಿದೆಯೇ ಎಂದು ಹುಡುಕುವುದು ಸರಿಯಾದ ಕೆಲಸ. ನಾನಾಗಿದ್ದರೆ ಮೊದಲು ಹಲ್ಲಿನ ವೈದ್ಯರ ಬಳಿ ಕರೆದುಕೊಂಡು ಹೋಗುತ್ತಿದ್ದೆ.

*

ಉತ್ತರ: ಮರಳಿಬಂದವಳು

ನನಗೆ 71 ವರ್ಷ. ಎಂಟು ವರ್ಷಗಳ ಹಿಂದೆ ಇದೇ ಕಾಯಿಲೆಯನ್ನು ದಾಟಿ ಬಂದವಳು. ಅಧ್ಯಯನಗಳ ಬಗ್ಗೆ ತಿಳಿದವರು ಹೇಳುತ್ತಾರೆ. ನಾನು ನಿಮ್ಮ ತಾಯಿಯ ಪರವಾಗಿ ಎರಡು ಮಾತು ಬರೆಯುತ್ತೇನೆ.

"ಸೊಂಟ ನೋವು" ಎಂದರಲ್ಲ, ಅದನ್ನು ಓದಿ ನಾನು ನಕ್ಕೆ, ಆಮೇಲೆ ಸುಮ್ಮನಾದೆ. ನಾನು ಸಂಗೀತ ಪಾಠ ಹೇಳುವುದನ್ನು ನಿಲ್ಲಿಸಿದಾಗ ಗಂಟಲು ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಗಂಟಲಿಗೆ ಏನೂ ಆಗಿರಲಿಲ್ಲ. ವರ್ಣ ಹಾಡುತ್ತಾ ಎರಡನೆಯ ಕಾಲಕ್ಕೆ ಹೋದಾಗ ಕೈಯ ತಾಳ ಒಂದು ಕಡೆ, ಸ್ವರ ಒಂದು ಕಡೆ ಆಗುತ್ತಿತ್ತು. ಎದುರಿಗೆ ಕುಳಿತ ಮಕ್ಕಳಿಗೆ ಅದು ಗೊತ್ತಾಗುತ್ತಿರಲಿಲ್ಲ, ಏಕೆಂದರೆ ನಾನು ಅಭ್ಯಾಸಬಲದಿಂದ ಸೇರಿಸಿಬಿಡುತ್ತಿದ್ದೆ. ಆದರೆ ಹಾಗೆ ಸೇರಿಸಲು ಪಟ್ಟ ಶ್ರಮಕ್ಕೆ ಪಾಠ ಮುಗಿಯುವಷ್ಟರಲ್ಲಿ ಮೈ ಬೆವರುತ್ತಿತ್ತು. ನಮ್ಮ ತೊಂದರೆಯ ಸ್ವರೂಪವೇ ಇದು: ಕೆಲಸ ಆಗುತ್ತದೆ, ಆದರೆ ಮೊದಲಿನ ಎರಡರಷ್ಟು ಖರ್ಚಾಗುತ್ತದೆ. ಪರೀಕ್ಷೆ ಮಾಡುವವರು ಕೆಲಸ ಆಯಿತೋ ಇಲ್ಲವೋ ಎಂದು ನೋಡುತ್ತಾರೆ, ಖರ್ಚನ್ನು ಯಾರೂ ಬರೆದುಕೊಳ್ಳುವುದಿಲ್ಲ.

30ಕ್ಕೆ 29 ಬಂದ ದಿನ ಅವರು ದಾರಿಯಲ್ಲಿ ಮಾತನಾಡಲಿಲ್ಲ ಎಂದಿದ್ದೀರಿ. ಸಂತೋಷಪಡಬೇಕಾದ ಅಂಕ ಅದು; ಆದರೆ ಅವರಿಗೆ ಕೇಳಿಸಿದ್ದು "ನೀನು ಸುಳ್ಳು ಹೇಳುತ್ತಿದ್ದೀಯ" ಎಂಬ ಮಾತು. ದಯವಿಟ್ಟು ಅವರ ಎದುರಿಗೆ ಆ ಅಂಕವನ್ನು ಇನ್ನೊಮ್ಮೆ ಎತ್ತಬೇಡಿ.

*

ಉತ್ತರ: ಗುಳಿಗೆಲೆಕ್ಕ

ಔಷಧಶಾಸ್ತ್ರ ಓದಿದವನಾಗಿ ಮಾತ್ರೆಗಳ ಪಟ್ಟಿಯ ಮೇಲೆ ನನ್ನ ಕಣ್ಣು ಮೊದಲು ಬಿತ್ತು. ಮುಖ್ಯವಾದುದನ್ನು ಮೊದಲೇ ಹೇಳುತ್ತೇನೆ. ಅರಿಶಿನದ ಕ್ಯಾಪ್ಸೂಲನ್ನು ಇಂದೇ ನಿಲ್ಲಿಸಿ, ಮುಂದಿನ ಭೇಟಿಯಲ್ಲಿ ಅದರ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ಕ್ಯಾನ್ಸರ್ ವೈದ್ಯರಿಗೆ ತೋರಿಸಿ.

ಟಮಾಕ್ಸಿಫೆನ್ ನುಂಗಿದ ರೂಪದಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಎಂಡಾಕ್ಸಿಫೆನ್ ಆಗಿ ಮಾರ್ಪಡಿಸಿದ ಮೇಲೆಯೇ ಅದರ ಶಕ್ತಿ. ಅರಿಶಿನದ ಸತ್ವವಾದ ಕರ್ಕ್ಯುಮಿನ್ ಕ್ಯಾಪ್ಸೂಲ್ ಜೊತೆಗಿದ್ದಾಗ, ಅದರಲ್ಲೂ ಕರಿಮೆಣಸಿನ ಪೈಪರಿನ್ ಬೆರೆಸಿದ ಕ್ಯಾಪ್ಸೂಲ್ ಇದ್ದಾಗ, ರೋಗಿಗಳ ರಕ್ತದಲ್ಲಿ ಎಂಡಾಕ್ಸಿಫೆನ್ ಪ್ರಮಾಣ ಇಳಿಯುತ್ತದೆ ಎಂಬುದನ್ನು 2019ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ತೋರಿಸಿದ್ದಾರೆ. ಮರೆವಿನ ಭಯಕ್ಕೆ ತೆಗೆದುಕೊಂಡದ್ದು ಕ್ಯಾನ್ಸರ್ ತಡೆಯುವ ಮಾತ್ರೆಯ ಬಲವನ್ನೇ ಕುಗ್ಗಿಸಬಹುದು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ, ಸಾರನ್ನು ಬಿಡಬೇಕಾಗಿಲ್ಲ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಮಾತ್ರೆಗಳೂ ಅದೇ ಕಿಣ್ವವನ್ನು ತಡೆಯುತ್ತವೆ. ಮುಂದೆ ಎಂದಾದರೂ ಯಾರಾದರೂ ಬರೆದುಕೊಟ್ಟರೆ ಟಮಾಕ್ಸಿಫೆನ್ ವಿಷಯವನ್ನು ಅವರಿಗೆ ಜ್ಞಾಪಿಸಿ.

ಇನ್ನು ರಾತ್ರಿಯ ಅಮಿಟ್ರಿಪ್ಟಿಲಿನ್. ನರದ ಜೋಮು ನೋವಿಗೆ ನಮ್ಮಲ್ಲಿ ಇದನ್ನು ಬಹಳ ಬಳಸುತ್ತಾರೆ, ಅಗ್ಗವೂ ಹೌದು. ಆದರೆ ಮಿದುಳಿನಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ಅದು ಅಡ್ಡಗಟ್ಟುತ್ತದೆ. ಆ ಕಾರಣದಿಂದಲೇ 65 ದಾಟಿದವರಿಗೆ ಸಾಧ್ಯವಾದಷ್ಟು ಕೊಡಬಾರದ ಔಷಧಗಳ ಪಟ್ಟಿಯಲ್ಲಿ ಇದೂ ಇದೆ. ಬಾಯಿ ಒಣಗುವುದು, ಮಲಬದ್ಧತೆ, ಬೆಳಗಿನ ಮಂಕು ಇದ್ದರೆ ಅದು ಅದೇ ಪರಿಣಾಮದ ಬೇರೆ ಮುಖಗಳು. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತರುವ ಕ್ಲೋರ್‌ಫೆನಿರಮಿನ್ ಬೆರೆತ ಮಾತ್ರೆಯೂ ಅದೇ ಗುಂಪಿನದು. ಎರಡೂ ಸೇರಿದರೆ ಭಾರ ಹೆಚ್ಚು. ಅಮಿಟ್ರಿಪ್ಟಿಲಿನ್ ಅನ್ನು ಮಾತ್ರ ನೀವಾಗಿ ಥಟ್ಟನೆ ನಿಲ್ಲಿಸಬೇಡಿ, ಬದಲಿ ಔಷಧದ ಬಗ್ಗೆ ವೈದ್ಯರನ್ನು ಕೇಳಿ. ಸಿಆರ್‌ಪಿ ಬಗ್ಗೆ ಇಷ್ಟು ಚಿಂತಿಸುವ ನಾವು ಕಣ್ಣೆದುರಿನ ಹಾಳೆಯಲ್ಲಿ ಬರೆದಿರುವ ಕಾರಣವನ್ನು ನೋಡದೆ ಹೋಗುತ್ತೇವೆ.

ಉರಿಯೂತ ಇಳಿಸುವ ನೋವಿನ ಮಾತ್ರೆಗಳನ್ನು ನೆನಪಿಗಾಗಿ ತೆಗೆದುಕೊಳ್ಳಬಹುದೇ ಎಂದು ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಜೈಮರ್ ತಡೆಯಲು ನೆಪ್ರಾಕ್ಸೆನ್ ಮತ್ತು ಸೆಲೆಕಾಕ್ಸಿಬ್ ಕೊಟ್ಟು ಅಮೆರಿಕದಲ್ಲಿ ದೊಡ್ಡ ಪ್ರಯೋಗವೊಂದು ನಡೆದಿತ್ತು. 2004ರಲ್ಲಿ ಹೃದಯದ ಅಪಾಯದ ಆತಂಕದಿಂದ ಮಾತ್ರೆಗಳನ್ನು ನಿಲ್ಲಿಸಿದರು. ಮಿದುಳಿಗೆ ಲಾಭವೂ ಕಾಣಲಿಲ್ಲ. ಈ ವಯಸ್ಸಿನಲ್ಲಿ ಆ ಮಾತ್ರೆಗಳಿಂದ ಹೊಟ್ಟೆಯ ರಕ್ತಸ್ರಾವ ಮತ್ತು ಮೂತ್ರಪಿಂಡದ ಹಾನಿ ಖಚಿತವಾದ ಅಪಾಯಗಳು.

*

ಮಲೆನಾಡಮಗಳು ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಕ್ಯಾಪ್ಸೂಲನ್ನು ನಿಲ್ಲಿಸಿದ್ದೇವೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಪೈಪರಿನ್ ಎಂದು ಬರೆದಿದೆ, ಭೂತಗನ್ನಡಿ ಹಿಡಿದು ಓದಬೇಕಾಯಿತು. ಅಮ್ಮನ ಬಾಯಿ ಒಣಗುವುದು ನಿಜ, ರಾತ್ರಿ ತಲೆದೆಸೆಯಲ್ಲಿ ಚೊಂಬು ಇಟ್ಟುಕೊಂಡೇ ಮಲಗುತ್ತಾರೆ. ಅದು ಮಾತ್ರೆಯಿಂದ ಇರಬಹುದೆಂದು ನಮಗೆ ಹೊಳೆದೇ ಇರಲಿಲ್ಲ.

ಆದರೆ ಅಧ್ಯಯನದ ಬಗ್ಗೆ ನನ್ನ ಗೊಂದಲ ಹಾಗೆಯೇ ಇದೆ. ಸಿಆರ್‌ಪಿ ಬರೀ ಹೊಗೆಯಾದರೆ, ಅದು ಮುಂದಿನ ವರ್ಷಗಳ ಮರೆವನ್ನು ಮೊದಲೇ ಹೇಗೆ ಸೂಚಿಸಿತು?

*

ಉತ್ತರ: ಮನೋಮಾಪಕ

ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿ ಉತ್ತರಿಸಬೇಕು. ನರಮನೋವಿಜ್ಞಾನ ನನ್ನ ವೃತ್ತಿ, ವಯಸ್ಸಾದವರ ನೆನಪು ಮತ್ತು ಗಮನಶಕ್ತಿಯನ್ನು ಅಳೆಯುವುದು ದಿನದ ಕೆಲಸ.

ನೀವು ಓದಿರುವುದು 'ಥಿಂಕಿಂಗ್ ಅಂಡ್ ಲಿವಿಂಗ್ ವಿತ್ ಕ್ಯಾನ್ಸರ್' ಎಂಬ ಅಧ್ಯಯನದ ಒಂದು ಭಾಗವಿರಬೇಕು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಜೀನ್ ಮ್ಯಾಂಡೆಲ್‌ಬ್ಲಾಟ್ ನೇತೃತ್ವದಲ್ಲಿ ಅಮೆರಿಕದ ಹಲವು ಕೇಂದ್ರಗಳು ಸೇರಿ ನಡೆಸಿದ ಅಧ್ಯಯನ ಅದು. 60 ವರ್ಷ ದಾಟಿದ, ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾದ ಆದರೆ ದೂರದ ಅಂಗಗಳಿಗೆ ಹರಡಿಲ್ಲದ ಮಹಿಳೆಯರನ್ನು, ಅವರಂತೆಯೇ ಇರುವ ಆದರೆ ಕ್ಯಾನ್ಸರ್ ಇಲ್ಲದ ಮಹಿಳೆಯರ ಜೊತೆ ಇಟ್ಟು ವರ್ಷದಿಂದ ವರ್ಷಕ್ಕೆ ಹೋಲಿಸುತ್ತಾ ಹೋದರು. ಸಿಆರ್‌ಪಿಯ ಭಾಗವನ್ನು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜುಡಿತ್ ಕ್ಯಾರಲ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದರು. 400 ಮಂದಿ ಕ್ಯಾನ್ಸರ್ ದಾಟಿದವರು, 329 ಮಂದಿ ಕ್ಯಾನ್ಸರ್ ಇಲ್ಲದವರು, ಗರಿಷ್ಠ 60 ತಿಂಗಳ ಅನುಸರಣೆ. ಕ್ಯಾನ್ಸರ್ ದಾಟಿದವರಲ್ಲಿ ಸಿಆರ್‌ಪಿ ಪ್ರತಿ ಭೇಟಿಯಲ್ಲೂ ಸರಾಸರಿ ಹೆಚ್ಚಿತ್ತು. ಅವರಲ್ಲೇ ಯಾರಿಗೆ ಅದು ಹೆಚ್ಚಿತ್ತೋ ಅವರು ಮುಂದಿನ ಭೇಟಿಯಲ್ಲಿ ತಮ್ಮ ಯೋಚನೆ, ನೆನಪು, ಪದ ಹುಡುಕುವ ಸಾಮರ್ಥ್ಯ ಕುಗ್ಗಿದೆಯೆಂದು ಹೆಚ್ಚಾಗಿ ಹೇಳಿಕೊಂಡರು. ಕ್ಯಾನ್ಸರ್ ಇಲ್ಲದ ಗುಂಪಿನಲ್ಲಿ ಅಂತಹ ಸಂಬಂಧ ಕಾಣಲಿಲ್ಲ. ನಾಳೆಯ ಸಿಆರ್‌ಪಿಗೂ ಇಂದಿನ ಮರೆವಿಗೂ ಗಂಟು ಹಾಕಿದ್ದಲ್ಲ, ಇಂದಿನ ಸಿಆರ್‌ಪಿಯನ್ನು ನಾಳೆಯ ಮರೆವಿನ ಜೊತೆ ನೋಡಿದ್ದು. ಈ ಅಧ್ಯಯನದ ಬೆಲೆ ಇರುವುದು ಅಲ್ಲಿ.

ಆದರೆ ಅದೇ ಮಹಿಳೆಯರಿಗೆ ಕಾಗದ ಪೆನ್ಸಿಲ್ ಕೊಟ್ಟು ಮಾಡಿದ ನರಮನೋವೈಜ್ಞಾನಿಕ ಪರೀಕ್ಷೆಗಳ ಅಂಕಗಳಿಗೂ ಸಿಆರ್‌ಪಿಗೂ ಸಂಬಂಧ ಕಾಣಲಿಲ್ಲ. ಈ ಸಾಲನ್ನು ಸುದ್ದಿಗಳು ಸಾಮಾನ್ಯವಾಗಿ ನುಂಗಿಬಿಡುತ್ತವೆ. ಕೆಲವರು ಇದನ್ನು ಓದಿ, ಹಾಗಾದರೆ ಎಲ್ಲವೂ ಮನಸ್ಸಿನ ಭ್ರಮೆ ಎನ್ನುತ್ತಾರೆ. ನನ್ನ ಅಭಿಪ್ರಾಯ ಅದಕ್ಕೆ ತದ್ವಿರುದ್ಧ. ದಿನನಿತ್ಯದ ಏರಿಳಿತವನ್ನು ಆ ಮಹಿಳೆಯರು ನಮ್ಮ ಪರೀಕ್ಷೆಗಳಿಗಿಂತ ಸೂಕ್ಷ್ಮವಾಗಿ ಗ್ರಹಿಸುತ್ತಿರಬಹುದು ಎಂದು ಸಂಶೋಧಕರೇ ಹೇಳಿದ್ದಾರೆ. ಮರಳಿಬಂದವಳು ಅವರು ಬರೆದ "ಖರ್ಚು" ಎಂಬ ಮಾತನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಬೇಕೆಂದಿದ್ದೇನೆ.

ನಿಮ್ಮ ತಾಯಿಯ 30ಕ್ಕೆ 29ನ್ನೇ ನೋಡಿ. ಆ ಹತ್ತು ನಿಮಿಷದ ಪರೀಕ್ಷೆಯಲ್ಲಿ ಇಂದು ಯಾವ ವಾರ ಎಂದು ಕೇಳುತ್ತಾರೆ, ಮೂರು ಪದ ನೆನಪಿಡಲು ಹೇಳುತ್ತಾರೆ, ನೂರರಿಂದ ಏಳೇಳು ಕಳೆಯುತ್ತಾ ಹೋಗಲು ಹೇಳುತ್ತಾರೆ. 32 ವರ್ಷ ಗಣಿತ ಕಲಿಸಿದವರಿಗೆ ನೂರರಿಂದ ಏಳು ಕಳೆಯುವುದು ಪರೀಕ್ಷೆಯೇ ಅಲ್ಲ. ಡಿಮೆನ್ಷಿಯಾ ಎಂಬ ತೀವ್ರ ಮರೆವಿನ ಕಾಯಿಲೆಯನ್ನು ಗುರುತಿಸಲು ಬಳಸುವ ತಕ್ಕಡಿ ಅದು. ಮೂಟೆ ತೂಗುವ ತಕ್ಕಡಿಯಲ್ಲಿ ಕೇಸರಿ ತೂಗಿದಂತಾಯಿತು. 15ರಿಂದ 8ರ ಮಧ್ಯಚುಕ್ಕಿಯೆಂದರೆ ಒಟ್ಟು 169 ಚುಕ್ಕಿಗಳು. ಯಾವ ಸಾಲಿನಲ್ಲಿದ್ದೇನೆ, ಮುಂದಿನ ಸಾಲಿಗೆ ಒಂದು ಕಡಿಮೆಯೋ ಹೆಚ್ಚೋ ಎಂಬುದನ್ನು ತಲೆಯಲ್ಲಿ ಹಿಡಿದುಕೊಂಡೇ ಕೈಯನ್ನೂ ನಡೆಸಬೇಕು, ಮಧ್ಯೆ ಬಂದ ಮಾತಿಗೂ ಉತ್ತರಿಸಬೇಕು. ನಾವು ಕಾರ್ಯಸ್ಮೃತಿ ಮತ್ತು ವಿಭಜಿತ ಗಮನ ಎಂದು ಕರೆಯುವ ಎರಡನ್ನೂ ಅದು ನನ್ನ ಮೇಜಿನ ಮೇಲಿರುವ ಎಷ್ಟೋ ಸಾಮಗ್ರಿಗಳಿಗಿಂತ ಚೆನ್ನಾಗಿ ಅಳೆಯುತ್ತದೆ. ಅವರು 7ರಿಂದ 4ಕ್ಕೆ, ಅಂದರೆ 37 ಚುಕ್ಕಿಗಳಿಗೆ ಇಳಿದಿದ್ದಾರೆ ಎಂಬುದು ನನಗೆ ಸಿಆರ್‌ಪಿಗಿಂತ ಹೆಚ್ಚು ತಿಳಿಸುತ್ತದೆ.

ಹೊಗೆ ಮತ್ತು ಬೆಂಕಿಯ ಪ್ರಶ್ನೆಗೆ ಬರುತ್ತೇನೆ. ಜ್ವರ ಬಂದ ದಿನವನ್ನು ನೆನಪಿಸಿಕೊಳ್ಳಿ. ಪತ್ರಿಕೆಯ ಒಂದೇ ಪ್ಯಾರಾವನ್ನು ಮೂರು ಸಲ ಓದಿದರೂ ತಲೆಗೆ ಹತ್ತುವುದಿಲ್ಲ, ಯಾರೊಡನೆಯೂ ಮಾತು ಬೇಡವೆನಿಸುತ್ತದೆ. ಆ ಮಂಕನ್ನು ತರುವುದು ರೋಗಾಣುವಲ್ಲ. ಅದರ ವಿರುದ್ಧ ನಮ್ಮದೇ ದೇಹ ಹೊರಡಿಸಿದ ಸೈಟೊಕೈನ್ ಎಂಬ ಸಂದೇಶಗಳು ಮಿದುಳನ್ನು ತಲುಪಿದ್ದರ ಫಲ. ಕೆಲವು ರಕ್ತದ ಮೂಲಕ, ಕೆಲವು ವೇಗಸ್ ನರದ ಮೂಲಕ ತಲುಪುತ್ತವೆ. ಮಿದುಳಿನೊಳಗೆ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಕೆರಳುತ್ತವೆ. ಜ್ವರವಾದರೆ ಮೂರು ದಿನಕ್ಕೆ ಇಳಿಯುತ್ತದೆ. ಕೀಮೋ ಮತ್ತು ವಿಕಿರಣದಿಂದ ಹಾನಿಗೊಂಡ ಕೆಲವು ಜೀವಕೋಶಗಳು ಸಾಯುವುದೂ ಇಲ್ಲ, ವಿಭಜನೆಯಾಗುವುದೂ ಇಲ್ಲ. ಮುಪ್ಪಾಗಿ ಉಳಿದು ಇಂಟರ್‌ಲ್ಯೂಕಿನ್-6ರಂತಹ ಸಂದೇಶಗಳನ್ನು ಸಣ್ಣಗೆ ಹೊರಬಿಡುತ್ತಲೇ ಇರುತ್ತವೆ. ವಯಸ್ಸಾದಂತೆ ಇಂತಹ ಕೋಶಗಳು ಹೇಗೂ ಹೆಚ್ಚುತ್ತವೆ. ಅದಕ್ಕೆಂದೇ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ವಯಸ್ಸು ಮತ್ತು ಉರಿಯೂತ ಎರಡನ್ನೂ ಹೊಸೆದು 'ಇನ್‌ಫ್ಲಮೇಜಿಂಗ್' ಎಂಬ ಪದ ಕಟ್ಟಿದರು. ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಹೆಚ್ಚಾಗಿ ದಾಟುವುದಿಲ್ಲ. ಆದರೆ ಅದು ದೇಹದಲ್ಲಿ ಎಬ್ಬಿಸುವ ಸೈಟೊಕೈನ್ ಆದ ಟಿಎನ್‌ಎಫ್-ಆಲ್ಫಾ ದಾಟುತ್ತದೆ ಎಂದು ಇಲಿಗಳಲ್ಲಿ ತೋರಿಸಿದ್ದಾರೆ. ಕಳ್ಳ ಗೇಟಿನ ಹೊರಗೇ ನಿಂತು ಒಳಗಿದ್ದವರನ್ನು ಎಬ್ಬಿಸಿದಂತೆ. ಹೀಗಾಗಿ ಸಿಆರ್‌ಪಿ ಹೊಗೆ ಎಂಬುದು ಸರಿ; ಹೊಗೆ ವರ್ಷಗಟ್ಟಲೆ ಏಳುತ್ತಿದ್ದರೆ ಒಲೆ ಆರಿಲ್ಲ ಎಂಬುದೂ ಸರಿ.

ಇಷ್ಟಾದರೂ ನಿಮ್ಮ ತಾಯಿಯ ವಿಷಯದಲ್ಲಿ ಉರಿಯೂತವೇ ಕಾರಣ ಎಂದು ನಾನು ಬರೆಯಲಾರೆ. ಅಧ್ಯಯನ ಗುಂಪುಗಳ ಬಗ್ಗೆ ಹೇಳುತ್ತದೆ. ಭಾಗವಹಿಸಿದವರಲ್ಲಿ ಹೆಚ್ಚಿನವರು ಬಿಳಿಯ, ಕಾಲೇಜು ಓದಿದ ಅಮೆರಿಕನ್ ಮಹಿಳೆಯರು. ಅದೇ ಅಧ್ಯಯನದ 2018ರ ವರದಿಯಲ್ಲಿ ಇನ್ನೊಂದು ಅಂಶ ಬಂದಿದೆ: ಅಲ್ಜೈಮರ್ ಅಪಾಯವನ್ನು ಹೆಚ್ಚಿಸುವ ಎಪಿಒಇ-4 ಎಂಬ ಜೀನ್ ರೂಪ ಹೊಂದಿದ್ದು ಕೀಮೋ ಪಡೆದವರಲ್ಲಿ ಗಮನ ಮತ್ತು ವೇಗದ ಪರೀಕ್ಷೆಗಳ ಅಂಕಗಳು ಕುಸಿದವು. ಅಂದರೆ ಎಲ್ಲರಿಗೂ ಒಂದೇ ದಾರಿಯಲ್ಲ. ಇನ್ನು ಟಮಾಕ್ಸಿಫೆನ್ನೇ ಒಂದು ಕಾರಣವಾಗಿರಬಹುದು. ನೆದರ್‌ಲೆಂಡ್ಸ್‌ನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷ ಟಮಾಕ್ಸಿಫೆನ್ ತೆಗೆದುಕೊಂಡವರು ಪದಗಳ ನೆನಪಿನಲ್ಲಿ ಮತ್ತು ಯೋಜಿಸಿ ಮಾಡುವ ಕೆಲಸಗಳಲ್ಲಿ ಆರೋಗ್ಯವಂತರಿಗಿಂತ ಹಿಂದಿದ್ದರು, 65 ದಾಟಿದವರಲ್ಲಿ ಪದಗಳ ನೆನಪಿನ ವ್ಯತ್ಯಾಸ ಎದ್ದು ಕಂಡಿತು. ಲೆಟ್ರೋಜೋಲ್ ಗುಂಪಿನದೇ ಆದ ಎಕ್ಸೆಮೆಸ್ಟೇನ್ ತೆಗೆದುಕೊಂಡವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಇದನ್ನು ಓದಿ ಮಾತ್ರೆ ಬಿಡುವವರಿದ್ದಾರೆ, ಹಾಗೆ ಮಾಡಬೇಡಿ. ಕಾಯಿಲೆ ಮರುಕಳಿಸದಂತೆ ಕಾಯುತ್ತಿರುವುದು ಅದೇ. ಮೂಳೆಯ ಸಾಂದ್ರತೆಯನ್ನು ಈಗ ಮತ್ತೊಮ್ಮೆ ಅಳೆದು ಬೇರೆ ಮಾತ್ರೆಗೆ ಬದಲಾಯಿಸಬಹುದೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಥೈರಾಯ್ಡ್, ಬಿ-12, ಹಿಮೋಗ್ಲೋಬಿನ್ ನೋಡಿಸಿ. ಸಸ್ಯಾಹಾರಿಗಳಾದರೆ ಬಿ-12 ನೋಡದೆ ಮರೆವಿನ ಬಗ್ಗೆ ಮಾತನಾಡುವುದೇ ತಪ್ಪು.

ಪೂರ್ಣ ಪರೀಕ್ಷೆ ಬೇಕಿದ್ದರೆ ಕನ್ನಡದಲ್ಲೇ ಮಾಡುವ ಕಡೆ ಹೋಗಿ, ಇಂಗ್ಲಿಷಿನಿಂದ ಅಲ್ಲಲ್ಲೇ ಅನುವಾದಿಸುತ್ತಾ ಕೇಳುವ ಕಡೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಮನೋವಿಜ್ಞಾನ ವಿಭಾಗವಿದೆ. ಐಸಿಎಂಆರ್ ರೂಪಿಸಿದ ಪರೀಕ್ಷಾ ಗುಚ್ಛ ಐದು ಭಾರತೀಯ ಭಾಷೆಗಳಲ್ಲಿದ್ದು ಅವುಗಳಲ್ಲಿ ಕನ್ನಡವೂ ಒಂದು.

*

ಉತ್ತರ: ಮರಳಿಬಂದವಳು

ಮನೋಮಾಪಕರಿಗೆ ಒಂದು ಪ್ರಶ್ನೆ. ನಾನು ಐದು ವರ್ಷಗಳಿಂದ ಯೋಗಾಸನ ತರಗತಿಗೆ ಹೋಗುತ್ತಿದ್ದೇನೆ. ತಲೆ ಸ್ವಲ್ಪ ತಿಳಿಯಾದಂತೆ ಅನಿಸುತ್ತದೆ. ಇದಕ್ಕೆ ಆಧಾರವಿದೆಯೇ ಅಥವಾ ನನ್ನ ಸಮಾಧಾನವೇ?

*

ಉತ್ತರ: ಮನೋಮಾಪಕ

ಆಧಾರವಿದೆ, ಮಿತಿಗಳೂ ಇವೆ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ ಸ್ತನ ಕ್ಯಾನ್ಸರ್ ದಾಟಿದ 200 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೆ ಎರಡು ಸಲದಂತೆ 12 ವಾರ ಹಠಯೋಗ ಕಲಿಸಿ, ಉಳಿದವರನ್ನು ಸರದಿಯಲ್ಲಿ ಕಾಯಿಸಿ ಹೋಲಿಸಿತು. ಅದು 2014ರಲ್ಲಿ ಪ್ರಕಟವಾಯಿತು. ತರಗತಿ ಮುಗಿದು ಮೂರು ತಿಂಗಳ ನಂತರ ಯೋಗ ಮಾಡಿದವರಲ್ಲಿ ಆಯಾಸವೂ ಕಡಿಮೆ, ಉರಿಯೂತದ ಸೈಟೊಕೈನ್‌ಗಳೂ ಕಡಿಮೆ. ಮರುವರ್ಷದ ವರದಿಯಲ್ಲಿ ಅವರು ಹೇಳಿಕೊಂಡ ನೆನಪಿನ ತೊಂದರೆಗಳೂ ಕಾಯುತ್ತಿದ್ದವರಿಗಿಂತ ಶೇಕಡಾ 23ರಷ್ಟು ಕಡಿಮೆ ಇದ್ದವು. ಆದರೆ ಇಲ್ಲಿಯೂ ಅಳೆದದ್ದು ಅವರ ಮಾತನ್ನು, ಪರೀಕ್ಷೆಯ ಅಂಕವನ್ನಲ್ಲ. ಭಾಗವಹಿಸಿದವರಲ್ಲಿ ಕಿರಿಯರೂ ಇದ್ದರು. ನೀವು ಬಿಡಬೇಡಿ. ನಡಿಗೆಯೂ ಸೇರಿದರೆ ಒಳ್ಳೆಯದು.

*

ಮಲೆನಾಡಮಗಳು ಬರೆದದ್ದು, ಐದು ವಾರಗಳ ನಂತರ:

ರಕ್ತಬಿಂದು ಅವರ ಮಾತಿನಂತೆ ಮೊದಲು ಹಲ್ಲಿನ ವೈದ್ಯರ ಬಳಿಗೆ ಹೋದೆವು. ಕೆಳದವಡೆಯ ಹಿಂದಿನ ಹಲ್ಲಿನ ಬುಡದಲ್ಲಿ ಕೀವು ಇತ್ತು; ಅಮ್ಮ ಆ ಕಡೆಯಿಂದ ಅಗಿಯುವುದನ್ನೇ ಬಿಟ್ಟು ಎಷ್ಟೋ ತಿಂಗಳಾಗಿದ್ದರೂ ನಮಗೆ ಹೇಳಿರಲಿಲ್ಲ. ಹಲ್ಲು ತೆಗೆಸಿ ಮೂರು ವಾರದ ಮೇಲೆ ಸಿಆರ್‌ಪಿ 2.7 ಬಂದಿದೆ. ಬಿ-12 ಬಹಳ ಕಡಿಮೆಯಿತ್ತು, ಇಂಜೆಕ್ಷನ್ ಆರಂಭಿಸಿದ್ದಾರೆ. ಅಮಿಟ್ರಿಪ್ಟಿಲಿನ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ್ದಾರೆ, ಜೋಮು ಸ್ವಲ್ಪ ಹೆಚ್ಚಾಗಿದೆ. ಮೂಳೆಯ ಸ್ಕ್ಯಾನ್ ಮುಂದಿನ ಮಂಗಳವಾರ. ಅದರ ಮೇಲೆ ಟಮಾಕ್ಸಿಫೆನ್ ವಿಷಯ ನಿರ್ಧಾರವಾಗಬೇಕು.

ಮರೆವು ಕಡಿಮೆಯಾಗಿದೆಯೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕು, ಐದು ವಾರದಲ್ಲಿ ನಾನು ನಿರೀಕ್ಷಿಸಿಯೂ ಇರಲಿಲ್ಲ. ಈ ಚರ್ಚೆಯನ್ನು ಅಮ್ಮನಿಗೆ ಓದಿ ಹೇಳಿದೆ. 169 ಚುಕ್ಕಿಗಳ ಲೆಕ್ಕ ಬಂದಾಗ ಅವರು ಬಾಯಲ್ಲೇ ಕೂಡಿಸಿ ನೋಡಿ, "ಸರಿಯಾಗಿದೆ" ಎಂದರು. ಆಮೇಲೆ ಹಳೆಯ ಹಾಜರಿ ಪುಸ್ತಕವೊಂದನ್ನು ಹುಡುಕಿ ತೆಗೆದು, ಪ್ರತಿದಿನ ಎಷ್ಟು ಚುಕ್ಕಿಯ ರಂಗೋಲಿ, ಎಲ್ಲಿ ತಪ್ಪಿತು, ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಲು ಆರಂಭಿಸಿದ್ದಾರೆ. ಮಂಗಳವಾರ ಅದನ್ನೂ ತೆಗೆದುಕೊಂಡು ಹೋಗುತ್ತಾರಂತೆ. ನಿನ್ನೆಯ ಸಾಲಿನಲ್ಲಿ 9ರಿಂದ 5, ಎರಡು ಸಲ ಅಳಿಸಿದ್ದು, 26 ನಿಮಿಷ ಎಂದಿದೆ.